1502 ಕಲಂ ಸಾಕಾಯ್ತು ಸ್ವಾಮಿ, ಇಡೀ ದೇಶಕ್ಕೆ!

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದಾರೆ: “ಹೆಸರಲ್ಲಿ ‘ಫಾನ್’ ಇರೋರೆಲ್ಲ ಅಪ್ಪನ ಆಸ್ತಿ ತಿಂದು ತೇಗಿದೋರು. ಅವರ ಕಥೆ ನಮಗ್ಯಾಕೆ?”

ಅಣ್ಣಾ, ‘ಫಾನ್’ ಅಂದ್ರೆ ಕುಲೀನರ ಹೆಸರಿಗೆ ಅಂಟೋ ಬಿರುದು. ಆದ್ರೆ ಆಸ್ಟ್ರಿಯಾದ ಕಾನೂನು ಪಂಡಿತ ಫ್ರಾನ್ಸ್ ಫಾನ್ ಝೈಲರ್ ಹುಟ್ಟಿದ್ದು 1751ರಲ್ಲಿ, ಗ್ರಾಜ್ ಊರಿನ ವ್ಯಾಪಾರಿ ಮನೇಲಿ. ಆ ‘ಫಾನ್’ ಆಮೇಲೆ ಸಿಕ್ಕಿದ್ದು. ವಿಯೆನ್ನಾದಲ್ಲಿ ಕಾನೂನು ಮೇಷ್ಟ್ರು, ಜೊತೆಗೆ ಚಕ್ರವರ್ತಿಯ ಶಾಸನ ಆಯೋಗದಲ್ಲಿ ಕೆಲಸ. ಗುರು ಮಾರ್ತಿನಿ ಬರೆದ ಸಿವಿಲ್ ಸಂಹಿತೆಯ (ಮದುವೆ, ಆಸ್ತಿ, ಕರಾರಿನ ಕಾನೂನೆಲ್ಲ ಒಂದೇ ಪುಸ್ತಕದಲ್ಲಿ) ಕರಡನ್ನ 1797ರಲ್ಲಿ, ಆಗ ಆಸ್ಟ್ರಿಯಾ ಕೈಲಿದ್ದ ಗ್ಯಾಲಿಶಿಯಾ ಪ್ರಾಂತ್ಯದಲ್ಲಿ ಜಾರಿ ಮಾಡಿ ನೋಡಿದ್ರು. ಅದನ್ನ ತಿದ್ದಿ, ಕೊಯ್ದು, ದಾರಿಗೆ ತಂದೋರು ಶಿಷ್ಯ ಝೈಲರ್. 1812ರ ಜನವರಿ 1ಕ್ಕೆ ಆಸ್ಟ್ರಿಯಾದ ಸಿವಿಲ್ ಸಂಹಿತೆ ಜಾರಿ. ಒಟ್ಟು 1502 ಕಲಂ.

ಪಕ್ಕದ ಜರ್ಮನ್ ರಾಜ್ಯ ಪ್ರಷ್ಯಾದವರ ಸಂಹಿತೆ, 1794ರದ್ದು? 19,000ಕ್ಕೂ ಮೇಲೆ!

“ಸಾರ್, ಅದರಲ್ಲಿ ಕ್ರಿಮಿನಲ್ ಕಾನೂನೂ ಸೇರಿತ್ತು.” ಬಂದ್ರಪ್ಪ ಲಾ ಕಾಲೇಜಿನೋರು. ಸೇರಿತ್ತು ರೀ. ಅದಕ್ಕೆ 19,000 ಬೇಕಿತ್ತಾ?

ಝೈಲರ್ ಸಂಹಿತೆಯ ಎರಡನೇ ಕಲಂ ನೋಡಿ: ಕಾನೂನು ಸರಿಯಾಗಿ ಪ್ರಕಟವಾದ ಮೇಲೆ “ನಂಗೊತ್ತಿರಲಿಲ್ಲ” ಅನ್ನೋ ನೆಪ ನಡೆಯಲ್ಲ. ಹಂಗಂದ ಮೇಲೆ ಓದಿದ್ರೆ ತಿಳಿಯೋ ಹಾಗೆ ಬರೀಬೇಕಲ್ವಾ? ಬರೆದ್ರು. ಹದಿನಾರನೇದು: ಪ್ರತಿ ಮನುಷ್ಯನಿಗೂ ಹುಟ್ಟಿನಿಂದಲೇ ಹಕ್ಕುಗಳಿವೆ, ಗುಲಾಮಗಿರಿ ಈ ನಾಡಲ್ಲಿ ನಡೆಯಲ್ಲ. ಎರಡೇ ವಾಕ್ಯ ಕಣ್ರೀ. ಎರಡು!

“ಅದೇ ಸಂಹಿತೆ ಗಂಡನೇ ಮನೆಗೆ ಯಜಮಾನ ಅಂದಿತ್ತು.” ಹೌದಮ್ಮಾ, 91ನೇ ಕಲಂ. 1975ರಲ್ಲಿ ಬದಲಾಯಿಸಿದ್ರು. ಅರ್ಥ ಆಗೋ ಹಾಗೆ ಬರೆದಿದ್ದಕ್ಕೇ ತಾನೇ ಜಗಳ ಆಡೋಕಾಗಿದ್ದು?

1919ರಲ್ಲಿ ಆಸ್ಟ್ರಿಯಾ ಕುಲೀನ ಪದವಿಗಳನ್ನೇ ರದ್ದು ಮಾಡ್ತು. ‘ಫಾನ್’ ಹೋಯ್ತು. ಸಂಹಿತೆ, ಎಷ್ಟೋ ತಿದ್ದುಪಡಿ ಕಂಡು, ಇವತ್ತೂ ಇದೆ.

ಇಷ್ಟು ಉರಿ ಯಾಕೆ ಅಂದ್ರೆ, ಮೊನ್ನೆ ನನ್ನ ಬಾಡಿಗೆ ಕರಾರು ಬಂತು. ಎರಡು ರೂಮಿನ ಮನೆ, ಹದಿನಾಲ್ಕು ಪುಟ. “ಸದರಿ ಷೆಡ್ಯೂಲ್ ಸ್ವತ್ತಿನ ಸದರಿ ಬಾಡಿಗೆದಾರನು ಸದರಿ…” ಮೊದಲನೇ ಪುಟದಲ್ಲೇ ಇಪ್ಪತ್ಮೂರು ‘ಸದರಿ’, ಪೆನ್ನಲ್ಲಿ ಗುರುತು ಹಾಕಿ ಎಣಿಸಿದೀನಿ. ಸುಣ್ಣ ಯಾರು ಹೊಡೆಸ್ಬೇಕು ಅಂತ ಇನ್ನೂ ತಿಳಿದಿಲ್ಲ.

1502, ಇಡೀ ದೇಶಕ್ಕೆ! ನಂಗೆ ಹದಿನಾಲ್ಕು ಪುಟ! ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಕುಕ್ಕರ್ ಮೂರನೇ ಸಲ ಕೂಗ್ತು, ಬೇಳೆ ಹೋಯ್ತು ಅನ್ಸತ್ತೆ. ಸದರಿ ಬೇಳೆ.