ಪೆನ್ನು ಮುಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಓದುವ ದಿನಗಳಲ್ಲಿ ಸಮೀಕ್ಷೆಗೆಂದು ಪ್ರಶ್ನೆಗಳ ಹಾಳೆ ಹಿಡಿದು ಒಂದು ಹಳ್ಳಿಗೆ ಹೋಗಿದ್ದೆ. ಜಗಲಿ ಮೇಲೆ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. 'ಮನೇಲಿ ದುಡ್ಡಿನ ತೀರ್ಮಾನ ಯಾರದು?' ಅಂದೆ. 'ಯಜಮಾನ್ರದೇ ಕಣಪ್ಪ' ಅಂದರು. ಬರೆದುಕೊಂಡೆ. ಪ್ರಶ್ನೆ ಮುಗಿಯಿತು, ಪೆನ್ನು ಮುಚ್ಚಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ನೆ ಕೂರಲಾಗದೆ ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

ಆಗ ಶುರುವಾಯಿತು ನೋಡಿ ಮಾತು. ಹಸು ಕೊಂಡದ್ದು ಅಜ್ಜಿಯ ಚೀಟಿ ದುಡ್ಡಲ್ಲಿ. ಹಾಲಿನ ದುಡ್ಡು ಇರುವುದು ಅವರ ಸೆರಗಿನ ಗಂಟಲ್ಲಿ. ಮಗಳ ಬಾಣಂತನಕ್ಕೆ ಎಷ್ಟು ಖರ್ಚಾಯಿತು ಅಂತ ಯಜಮಾನರಿಗೆ ಇವತ್ತಿಗೂ ಗೊತ್ತಿಲ್ಲ!

ಹಾಗಾದರೆ ಅಜ್ಜಿ ಮೊದಲು ಸುಳ್ಳು ಹೇಳಿದರಾ? ಇಲ್ಲ. ಹಾಳೆ ಹಿಡಿದು ಬಂದವನಿಗೆ ಹೇಳುವ ಮಾತು ಅದು, ಅಷ್ಟೆ.

ಎಷ್ಟು ಮನೆಯಲ್ಲಿ ಹಸು ಇದೆ ಅಂತ ತಿಳಿಯಲು ಹಾಳೆ ಸಾಕು. ಹಸು ಯಾರ ಮಾತು ಕೇಳಿ ಬಂತು ಅನ್ನುವುದಕ್ಕೆ ಬೇರೆ ದಾರಿ ಬೇಕು. ಬಿಡುವಾಗಿ ಕೂತು ಮಾತಾಡಿಸಬಹುದು. ಆರರಿಂದ ಹತ್ತು ಜನರನ್ನು ಸೇರಿಸಿ ಚರ್ಚೆಗೆ ಬಿಡಬಹುದು. ಒಬ್ಬರ ಮಾತಿಗೆ ಇನ್ನೊಬ್ಬರು 'ಅಯ್ಯೋ, ಹಾಗೇನಿಲ್ಲ' ಅಂದಾಗಲೇ ಒಳಗಿನ ವಿಷಯ ಈಚೆ ಬರುವುದು. ಊರಿನ ದೊಡ್ಡವರೊಬ್ಬರು ಬಂದು ಕುರ್ಚಿ ಎಳೆದುಕೊಂಡರೋ, ಎಲ್ಲರ ಬಾಯಿಗೂ ಬೀಗ.

ಇನ್ನೊಂದು ದಾರಿ, ಅಲ್ಲೇ ಹೋಗಿ ಇದ್ದುಬಿಡುವುದು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮಾಡಿದ್ದು ಅದನ್ನೇ. ಮೈಸೂರಿನ ಹತ್ತಿರದ ರಾಮಪುರದಲ್ಲಿ, ಪಟೇಲರ ಎತ್ತು ಕಟ್ಟುವ ಮನೆಯಲ್ಲೇ ತಿಂಗಳುಗಟ್ಟಲೆ ಬಿಡಾರ ಹೂಡಿದರು. ಮುಂದೆ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಚೇರಿಗೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ಅವರು ನೆನಪಿನಿಂದಲೇ ಆ ಊರಿನ ಬಗ್ಗೆ ಒಂದಿಡೀ ಪುಸ್ತಕ ಬರೆದರು. 1976ರಲ್ಲಿ ಅದು ಅಚ್ಚಾಯಿತು. ಬರೀ ಹಾಳೆ ತುಂಬಿಸಿಕೊಂಡು ಸಂಜೆ ಬಸ್ಸಿಗೆ ವಾಪಸಾಗಿದ್ದರೆ ಅಷ್ಟು ನೆನಪು ಉಳೀತಿತ್ತಾ? ನನಗಂತೂ ಅನುಮಾನ.

ಅಂದಹಾಗೆ, ರಾಮಪುರವನ್ನು ನಕ್ಷೆಯಲ್ಲಿ ಹುಡುಕಬೇಡಿ. ಅದು ಊರಿನ ನಿಜವಾದ ಹೆಸರಲ್ಲ, ಬೇಕಂತಲೇ ಬದಲಿಸಿದ್ದು.

ಅದು ಯಾಕೆ ಅಂತ ನನಗೆ ಅಜ್ಜಿಯ ಜಗಲಿಯಲ್ಲೇ ಗೊತ್ತಾಯಿತು. ಸುಲಿದ ಕಾಳನ್ನು ಮೊರಕ್ಕೆ ಸುರಿದು, 'ಈಗ ಹೇಳಿದ್ದನ್ನೂ ಬರ್ಕೊಳ್ಳಲಾ?' ಅಂತ ಕೇಳಿದ್ದೆ. ಅಜ್ಜಿ ಒಮ್ಮೆ ಒಳಮನೆ ಕಡೆ ನೋಡಿದರು.

'ಬರ್ಕೊ. ಹೆಸ್ರು ಮಾತ್ರ ಹಾಕ್ಬೇಡ.'