ಅರ್ಧ ವಾಕ್ಯಕ್ಕೇ ಎದ್ದುಬಿಡಿ: ಬರೆಯೋ ಹುರುಪು ಆರದ ಹಾಗೆ ಕಾಪಾಡೋದು ಹೇಗೆ?

[ಕ್ಯಾಮೆರಾ ಎದುರು, ಕೈಯಲ್ಲಿ ನೋಟ್‌ಬುಕ್]

ನಮಸ್ಕಾರ. ನೀವು ಕಳಿಸೋ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತೆ. ಮಾತು ಬೇರೆ ಬೇರೆ, ಸಂಕಟ ಒಂದೇ. "ಕಥೆ ಶುರು ಮಾಡಿದ ದಿನ ಮೈಮೇಲೆ ದೇವರು ಬಂದ ಹಾಗಿತ್ತು. ನಾಲ್ಕನೇ ದಿನ ಪುಸ್ತಕ ತೆಗೆಯೋಕೂ ಮನಸ್ಸಿಲ್ಲ. ನನಗೆ ಪ್ರತಿಭೆ ಇಲ್ವಾ?"

ಪ್ರತಿಭೆಯ ಮಾತು ಪಕ್ಕಕ್ಕಿಡಿ. ಆ ಹುರುಪು ನಾಲ್ಕನೇ ದಿನ ಎಲ್ಲಿ ಹೋಗುತ್ತೆ, ಐದನೇ ದಿನಕ್ಕೆ ಅದನ್ನ ಹೇಗೆ ಉಳಿಸಿಕೊಳ್ಳೋದು? ಇವತ್ತು ಅದನ್ನ ಹುಡುಕೋಣ.

ಗೊತ್ತಿರೋ ವಿಷಯ ಬೇಗ ಹೇಳಿ ಮುಗಿಸ್ತೀನಿ. ದಿನಾ ಒಂದೇ ಹೊತ್ತು, ಒಂದೇ ಜಾಗ. ಫೋನು ಬೇರೆ ಕೋಣೆಯಲ್ಲಿ. ಬರೆಯುವಾಗ ತಿದ್ದೋಕೆ ಹೋಗಬೇಡಿ. ಗುರಿ ಚಿಕ್ಕದಿರಲಿ, ದಿನಕ್ಕೆ ಒಂದೇ ಪುಟ ಅಂದ್ರೂ ವರ್ಷಕ್ಕೆ 365 ಪುಟ, ಅದೊಂದು ಕಾದಂಬರಿ. ಇಷ್ಟೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಕೂರೋಕೆ ಆಗ್ತಿಲ್ಲ ಯಾಕೆ?

ಒಂದು ಕಾರಣ ನಮ್ಮ ಮಾತಲ್ಲೇ ಇದೆ. "ಮೂಡ್ ಬಂದಾಗ ಬರೀತೀನಿ" ಅಂತೀವಿ. ಮೊದಲು ಮೂಡ್ ಬರಬೇಕು, ಬರವಣಿಗೆ ಅದರ ಹಿಂದೆ ಬರುತ್ತೆ ಅನ್ನೋದು ನಮ್ಮ ನಂಬಿಕೆ. ಇದು ನಿಜಾನಾ ಅಂತ ಒಬ್ಬರು ಪರೀಕ್ಷೆ ಮಾಡಿ ನೋಡಿದ್ರು.

[ಪರದೆ ಮೇಲೆ: ರಾಬರ್ಟ್ ಬಾಯ್ಸ್, 1983]

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್. ಬರವಣಿಗೆ ಮುಂದೆ ಸಾಗದೆ ಒದ್ದಾಡ್ತಿದ್ದ 27 ಕಾಲೇಜು ಅಧ್ಯಾಪಕರನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ, ತೀರಾ ತುರ್ತು ಇಲ್ಲದಿದ್ರೆ ಬರೆಯಲೇಬೇಡಿ ಅಂದ್ರು. ಇನ್ನೊಂದಕ್ಕೆ, ಮನಸ್ಸು ಬಂದಾಗ ಬರೀರಿ ಅಂದ್ರು. ಮೂರನೆಯವರು ಮನಸ್ಸಿರಲಿ ಬಿಡಲಿ, ಗೊತ್ತು ಮಾಡಿದ ದಿನ ಬರೆಯಲೇಬೇಕು. ದಿನಕ್ಕೆ ಸರಾಸರಿ ಎಷ್ಟು ಪುಟ ಬಂತು? ಬರೆಯಬೇಡಿ ಅಂದವರದ್ದು 0.2. ಮನಸ್ಸು ಬಂದಾಗ ಬರೆದವರದ್ದು 0.9. ಬರೆಯಲೇಬೇಕಾದವರದ್ದು 3.2.

ಹೆಚ್ಚು ಹೊತ್ತು ಕೂತ್ರೆ ಹೆಚ್ಚು ಪುಟ ಬರುತ್ತೆ, ಅದರಲ್ಲಿ ಹೊಸದೇನೂ ಇಲ್ಲ ಅಂತೀರಾ? ಒಪ್ತೀನಿ. ಬೆರಗು ಇರೋದು ಇಲ್ಲಿ. ಹೊಸ ಹೊಳಹು ಎಷ್ಟು ದಿನಕ್ಕೊಮ್ಮೆ ಬಂತು ಅಂತಲೂ ಅವರು ಲೆಕ್ಕ ಇಟ್ಟಿದ್ರು. ಬರೆಯದೆ ಇದ್ದವರಿಗೆ ಸುಮಾರು ಐದು ದಿನಕ್ಕೊಂದು. ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು. ಬಲವಂತಕ್ಕೆ ಕೂತವರಿಗೆ ದಿನಕ್ಕೊಂದು. ಗುಂಪುಗಳು ಸಣ್ಣವು, ಬರೀತಿದ್ದವರು ಕಥೆಗಾರರೂ ಅಲ್ಲ, ನಿಜ. ಆದ್ರೂ ನಾನು ಇದನ್ನ ನಂಬ್ತೀನಿ. ಯಾಕಂದ್ರೆ ನನ್ನ ಕಥೆಗಳ ಒಳ್ಳೆಯ ತಿರುವುಗಳಲ್ಲಿ ಹೆಚ್ಚಿನವು ಹೊಳೆದದ್ದು ಬರೀತಾ ಇದ್ದಾಗ, ಮೂರನೇ ಪ್ಯಾರಾದ ಹತ್ತಿರ. ಕಾಯ್ತಾ ಕೂತಾಗ ಅಲ್ಲ.

ಸರಿ, ಕೂತರೆ ಬರುತ್ತೆ. ಆದ್ರೆ ಕೂರೋದೇ ಕಷ್ಟ ಅಲ್ವಾ? ಖಾಲಿ ಪುಟ ಕಂಡ್ರೆ ಎದೆ ಹಿಡಿದ ಹಾಗಾಗುತ್ತೆ. ಈ ವಿಡಿಯೋ ಮಾಡೋಕೆ ನಿಜವಾದ ಕಾರಣ ಈಗ ಹೇಳೋ ವಿಷಯ. ಸ್ವಲ್ಪ ನಿಧಾನವಾಗಿ ಹೇಳ್ತೀನಿ.

[ಪರದೆ ಮೇಲೆ: ಬರ್ಲಿನ್, 1928]

ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞರ ಹತ್ತಿರ ಇಬ್ಬರು ವಿದ್ಯಾರ್ಥಿನಿಯರಿದ್ರು. ಬ್ಲೂಮಾ ಝೈಗಾರ್ನಿಕ್ ಹೆಸರು ನೀವು ಕೇಳಿರಬಹುದು. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿರುತ್ತೆ ಅಂತ 1927ರಲ್ಲಿ ಹೇಳಿದವರು. ಮುಂದಿನ ಪ್ರಯೋಗಗಳಲ್ಲಿ ಆ ಮಾತು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ನನಗೆ ಇಷ್ಟವಾದವರು ಇನ್ನೊಬ್ಬರು, ಮರಿಯಾ ಒವ್ಸಿಯಾಂಕಿನಾ.

ಅವರು ಜನರಿಗೆ ಸಣ್ಣ ಸಣ್ಣ ಕೆಲಸ ಕೊಟ್ಟು, ನಡುವೆಯೇ ನಿಲ್ಲಿಸಿಬಿಡ್ತಿದ್ರು. ಆಮೇಲೆ ಸುಮ್ಮನೆ ಬಿಟ್ಟು ನೋಡ್ತಿದ್ರು. ಮುಂದುವರಿಸಿ ಅಂತ ಯಾರೂ ಹೇಳಿಲ್ಲ. ಬಹುಮಾನ ಇಲ್ಲ. ಆದ್ರೂ ಹೆಚ್ಚಿನವರ ಕೈ ತಾನಾಗೇ ಆ ಅರ್ಧ ಕೆಲಸದ ಕಡೆಗೆ ಹೋಗ್ತಿತ್ತು. ಅರ್ಧಕ್ಕೆ ನಿಂತದ್ದು ನಮ್ಮನ್ನ ಎಳೆಯುತ್ತೆ. ಈ ಸೆಳೆತ ಆಮೇಲಿನ ಪ್ರಯೋಗಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಈಗ ನಮ್ಮ ಅಭ್ಯಾಸ ನೋಡಿ. ನಾವು ಎಲ್ಲಿ ನಿಲ್ಲಿಸ್ತೀವಿ? ಅಧ್ಯಾಯ ಮುಗಿದಾಗ. ಅಥವಾ ದಾರಿ ಕಾಣದೆ ಸಿಕ್ಕಿಹಾಕಿಕೊಂಡಾಗ. ಎರಡೂ ಕೆಟ್ಟ ಜಾಗ. ಒಂದರಲ್ಲಿ ಒಲೆ ಪೂರ್ತಿ ಆರಿದೆ, ಇನ್ನೊಂದರಲ್ಲಿ ಬರೀ ಹೊಗೆ. ಮರುದಿನ ಮತ್ತೆ ಸೊನ್ನೆಯಿಂದ ಶುರು.

ಬೂದಿ ಮುಚ್ಚಿದ ಕೆಂಡ ಅಂತ ಮಾತಿದೆಯಲ್ಲ. ಅದನ್ನ ನಾವು ಒಳಗೊಳಗೇ ಉರಿಯೋ ಸಿಟ್ಟಿಗೆ ಬಳಸ್ತೀವಿ. ಆದ್ರೆ ಕೆಂಡಕ್ಕೆ ಬೂದಿ ಮುಚ್ಚೋದು ಬೆಂಕಿ ಉಳಿಸೋಕೆ. ರಾತ್ರಿ ಒಂದೆರಡು ಕೆಂಡವನ್ನ ಬೂದಿಯೊಳಗೆ ಹುದುಗಿಸಿಟ್ಟರೆ, ಬೆಳಗ್ಗೆ ಬೂದಿ ಸರಿಸಿ, ನಾಲ್ಕು ಹುಲ್ಲುಕಡ್ಡಿ ಇಟ್ಟು, ಒಂದು ಉಸಿರು ಊದಿದ್ರೆ ಸಾಕು. ಹೊಸ ಬೆಂಕಿಗೆ ಪರದಾಡಬೇಕಿಲ್ಲ. ಅರ್ಧಕ್ಕೆ ನಿಲ್ಲಿಸಿದ ವಾಕ್ಯ ಅಂಥ ಕೆಂಡ.

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆ ಒಂದು ಸಂದರ್ಶನದಲ್ಲಿ ಇದೇ ಅರ್ಥದ ಮಾತು ಹೇಳಿದ್ರು: ಇನ್ನೂ ಕಸುವಿರುವಾಗಲೇ, ಮುಂದೇನಾಗುತ್ತೆ ಅಂತ ಗೊತ್ತಿರುವಾಗಲೇ ನಿಲ್ಲಿಸಬೇಕು.

ಒಂದು ಉದಾಹರಣೆ.

[ನೋಟ್‌ಬುಕ್ ಕ್ಯಾಮೆರಾಗೆ ತೋರಿಸಿ]

ಇದು ನನ್ನದೇ ಕಥೆ, ಹೋದ ವಾರದ್ದು. ಇಪ್ಪತ್ತು ವರ್ಷದ ಮೇಲೆ ಅಪ್ಪ ಮನೆಗೆ ಬಂದಿದ್ದಾನೆ. ಮಗಳು ಬಾಗಿಲು ತೆಗೆದಿದ್ದಾಳೆ. ನಾನು ಆ ರಾತ್ರಿ ಬರೆದ ಕೊನೆಯ ಸಾಲು: "ಅವಳು ಚಿಲಕದಿಂದ ಕೈ ತೆಗೆಯದೆಯೇ ಕೇಳಿದಳು, ನೀವು". ಅಷ್ಟೇ. ಅವಳು ಏನು ಕೇಳ್ತಾಳೆ ಅಂತ ನನಗೆ ಗೊತ್ತಿತ್ತು. ಬರೆಯೋಕೆ ಕೈ ತುರಿಸ್ತಿತ್ತು. ಎದ್ದುಬಿಟ್ಟೆ. ಮಾರನೇ ದಿನ ಕೂತಾಗ ಯೋಚನೆಯೇ ಬೇಕಾಗಲಿಲ್ಲ. ವಾಕ್ಯ ಪೂರ್ತಿ ಮಾಡಿದೆ, ಅಪ್ಪ ಉತ್ತರ ಕೊಡಲೇಬೇಕಾಯ್ತು, ಎರಡು ಪುಟ ಆಯ್ತು. ಮಗಳು ಅಪ್ಪನನ್ನ "ನೀನು" ಅನ್ನದೆ "ನೀವು" ಅಂದಿದ್ದಾಳೆ ಅಂತ ನನ್ನ ಕಣ್ಣಿಗೆ ಬಿದ್ದದ್ದೂ ಆಗಲೇ. ಇಡೀ ಕಥೆ ಆ ಒಂದು ಪದದ ಮೇಲೆ ನಿಂತಿದೆ ಅಂತ ಆಗ ಅರ್ಥವಾಯ್ತು.

"ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತುತ್ತೆ, ನಿದ್ದೆ ಬರಲ್ಲ" ಅನ್ನೋರಿಗೂ ದಾರಿ ಇದೆ. ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅನ್ನೋ ಸಂಶೋಧಕರು 2011ರಲ್ಲಿ ಕಂಡುಕೊಂಡದ್ದು: ಮುಗಿಯದ ಕೆಲಸ ಮನಸ್ಸನ್ನ ಕಾಡೋದು ನಿಲ್ಲಬೇಕಾದ್ರೆ ಅದನ್ನ ಮುಗಿಸಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡ್ತೀನಿ ಅಂತ ಸ್ಪಷ್ಟವಾಗಿ ಯೋಜಿಸಿದ್ರೂ ಸಾಕು. ಹಾಗಾಗಿ ಅಂಚಿನಲ್ಲಿ ಒಂದು ಸಾಲು ಗೀಚಿ: "ನಾಳೆ ಬೆಳಗ್ಗೆ: ಮಗಳ ಪ್ರಶ್ನೆ, ಅಪ್ಪನ ಸುಳ್ಳು." ಪುಸ್ತಕ ಮುಚ್ಚಿ, ನೆಮ್ಮದಿಯಾಗಿ ಮಲಗಿ.

[ಪರದೆ ಮೇಲೆ ಗಡಿಯಾರ]

ಇದರಲ್ಲೇ ಹೊತ್ತು ಹೋಯ್ತು, ಉಳಿದದ್ದನ್ನ ಒಟ್ಟಿಗೆ ಹೇಳಿಬಿಡ್ತೀನಿ. 21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅನ್ನೋ ಮಾತು ನಂಬಬೇಡಿ. ಲಂಡನ್‌ನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನ 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನನಿತ್ಯದ ಸಣ್ಣ ಅಭ್ಯಾಸಗಳು ತಾನಾಗೇ ನಡೆಯೋ ಹಂತಕ್ಕೆ ಬರೋಕೆ ನಡುಮಟ್ಟದ ಲೆಕ್ಕದಲ್ಲಿ 66 ದಿನ ಬೇಕಾಯ್ತು. ಕೆಲವರಿಗೆ 18 ದಿನ, ಕೆಲವರಿಗೆ 12 ವಾರದ ಆಚೆಗೂ ಲೆಕ್ಕ ಹಾಕಿ 254 ದಿನದ ಅಂದಾಜು. 22ನೇ ದಿನ ಕಷ್ಟವಾಯ್ತು ಅಂದ್ರೆ ನಿಮ್ಮಲ್ಲಿ ಕೊರತೆ ಇದೆ ಅಂತಲ್ಲ. ನಡುವೆ ಒಂದು ದಿನ ತಪ್ಪಿದ್ರಿಂದ ಹೇಳಿಕೊಳ್ಳೋ ನಷ್ಟವೂ ಆಗಿರಲಿಲ್ಲ. ತಪ್ಪಿದ ದಿನದ ಪುಟವನ್ನ ಸಾಲದ ಹಾಗೆ ಮರುದಿನದ ಮೇಲೆ ಹೊರಿಸಬೇಡಿ. ಇನ್ನು, ಓದಿ ಹೇಳೋಕೆ ಒಬ್ಬರು ಗೆಳೆಯರಿದ್ರೆ ಒಳ್ಳೇದು, ಆದ್ರೆ ಮೊದಲ ಕರಡು ಮುಗಿಯೋ ತನಕ ತೋರಿಸಬೇಡಿ. ಸ್ಪರ್ಧೆ, ಪ್ರಕಟಣೆ, ಲೈಕು ಇವುಗಳ ಬಗ್ಗೆ ಬೇರೆ ವಿಡಿಯೋ ಮಾಡ್ತೀನಿ.

ಒಂದು ಪ್ರಶ್ನೆ ಉಳೀತು. ಕಥೆ ಪೂರ್ತಿ ಮುಗಿದೇ ಹೋದ್ರೆ? ಆಗ ಕೆಂಡ ಎಲ್ಲಿಂದ ತರೋದು?

[ಪರದೆ ಮೇಲೆ: ಆಂಟನಿ ಟ್ರಾಲಪ್, 1815–1882]

ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ನೌಕರಿ ಮಾಡ್ತಾನೇ ಸಾಲು ಸಾಲು ಕಾದಂಬರಿ ಬರೆದ ಟ್ರಾಲಪ್, ಒಟ್ಟು 47 ಕಾದಂಬರಿ ಅವರದ್ದು, ಬೆಳಗ್ಗೆ 5:30ಕ್ಕೆ ಮೇಜಿನ ಮುಂದೆ ಕೂರ್ತಿದ್ರು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನ ಓದೋಕೆ. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ. ಒಟ್ಟು ಮೂರು ಗಂಟೆ. ಆ ಮೂರು ಗಂಟೆ ಮುಗಿಯೋ ಮುಂಚೆ ಕಾದಂಬರಿ ಮುಗಿದುಬಿಟ್ರೆ? ಹೊಸ ಹಾಳೆ ಎಳ್ಕೊಂಡು ಮುಂದಿನ ಕಾದಂಬರಿಯ ಮೊದಲ ಸಾಲು ಬರೀತಿದ್ರು.

ಇವತ್ತು ರಾತ್ರಿ ನೀವು ಬಿಟ್ಟು ಏಳೋ ಅರ್ಧ ವಾಕ್ಯ ಯಾವುದು ಅಂತ ನನಗೆ ಬರೆದು ಕಳಿಸಿ. ಪೂರ್ತಿ ಮಾಡಿ ಕಳಿಸಬೇಡಿ.