ಟೀಸಿ ತೆಗೆಸುವ ಮುನ್ನ

ನಮಸ್ಕಾರ. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರದ ಸಂಜೆ, ಮಕ್ಕಳನ್ನು ಅವರ ತಾಯಿಗೆ ಒಪ್ಪಿಸಲು ಶಿರಸಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಹನ್ನೊಂದು ವರ್ಷದ ಮಗಳು ತಮ್ಮನ ಶೂ ಲೇಸು ಕಟ್ಟುತ್ತಾ, ತಲೆ ಎತ್ತದೆಯೇ ಹೇಳಿದಳು: “ಅಪ್ಪಯ್ಯ, ಆಯಿ ನಂಗ್ಳ ಟೀಸಿ ತಗತ್ತಡ.” ತಾಯಿ ಶಾಲೆಯಿಂದ ಅವರ ವರ್ಗಾವಣೆ ಪತ್ರ ತೆಗೆಸುತ್ತಾಳಂತೆ. ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆಂಬುದು ನನಗೆ ತಿಳಿದದ್ದು ಹೀಗೆ. ಪರಸ್ಪರ ಒಪ್ಪಿಗೆಯಿಂದ ನಾವು ವಿಚ್ಛೇದನ ಪಡೆದಿದ್ದೆವು. ಮಕ್ಕಳು ತಾಯಿಯ ಬಳಿ, ಎರಡನೆಯ ಮತ್ತು ನಾಲ್ಕನೆಯ ಭಾನುವಾರ ನನ್ನ ಬಳಿ ಎಂದು ಆದೇಶವಾಗಿತ್ತು. ಇಬ್ಬರಲ್ಲೊಬ್ಬರು ಊರು ಬಿಟ್ಟರೆ ಏನು ಮಾಡಬೇಕೆಂದು ಆ ಆದೇಶದಲ್ಲಿ ಒಂದು ಸಾಲೂ ಇರಲಿಲ್ಲ, ಇರಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಆ ರಾತ್ರಿಯೇ ವಕೀಲರಿಗೆ ಫೋನ್ ಮಾಡಿ, ಮಕ್ಕಳ ಕಸ್ಟಡಿ ನನಗೇ ಬೇಕು, ಅರ್ಜಿ ಹಾಕಿ ಎಂದೆ. ವಾರದ ನಂತರ ಕರಡು ಬಂತು. ಹದಿನಾಲ್ಕು ಪುಟಗಳಲ್ಲಿ ಹನ್ನೊಂದು ಪುಟ ಆಕೆಯ ತಪ್ಪುಗಳೇ ತುಂಬಿದ್ದವು. ಮಕ್ಕಳ ಬಗ್ಗೆ ಎರಡು ಪ್ಯಾರಾ ಇತ್ತು, ಅದರಲ್ಲಿ ಮಗನ ತರಗತಿಯೇ ತಪ್ಪಾಗಿತ್ತು. ವಕೀಲರನ್ನು ದೂರುವಂತಿಲ್ಲ, ಏಕೆಂದರೆ ಬರೆದುಕೊಳ್ಳಲು ವಿವರ ಕೊಟ್ಟವನು ನಾನೇ. ವಯಸ್ಸಾದ ಆ ವಕೀಲರು ಕನ್ನಡಕ ತೆಗೆದಿಟ್ಟು, “ಹೆಗಡೇರೇ, ಇದು ಮಕ್ಕಳನ್ನು ಕೇಳುವ ಅರ್ಜಿಯೋ, ಅವರ ತಾಯಿಯ ಮೇಲಿನ ದೂರೋ?” ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟು: ಮಕ್ಕಳನ್ನು ಕರೆದುಕೊಂಡು ಊರು ಬಿಡುವವರು ಮೊದಲೇ ಬರಹದಲ್ಲಿ ತಿಳಿಸಬೇಕು, ಆಕ್ಷೇಪಿಸುವವರು ಮಕ್ಕಳ ದಿನಚರಿಯನ್ನು ಮುಂದಿಟ್ಟುಕೊಂಡು ಆಕ್ಷೇಪಿಸಬೇಕು. ಇವೆರಡೂ ನಡೆಯದಿರುವುದರಿಂದಲೇ ಇಂಥ ಪ್ರಕರಣಗಳು ವಾಯಿದೆಯಿಂದ ವಾಯಿದೆಗೆ ಎಳೆದಾಡುತ್ತವೆ, ಅಷ್ಟರಲ್ಲಿ ಮಕ್ಕಳು ಹೊಸ ಶಾಲೆಯಲ್ಲಿ ಒಂದು ವರ್ಷವನ್ನೇ ಕಳೆದಿರುತ್ತಾರೆ.

ಕಾಲದ ಮಾತನ್ನು ಮೊದಲು ಹೇಳುತ್ತೇನೆ, ನಮ್ಮವರು ಎಡವುವುದು ಇಲ್ಲಿಯೇ. ಎಲ್ಲ ಧರ್ಮದವರಿಗೂ ಅನ್ವಯಿಸುವ, ಮಕ್ಕಳ ಪೋಷಕತ್ವ ಕುರಿತ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೇ ಅರ್ಜಿ ಸಲ್ಲಬೇಕು. ಮಕ್ಕಳು ಶಿರಸಿಯಲ್ಲಿರುವಾಗ ನಮ್ಮ ಜಿಲ್ಲೆಯಲ್ಲೇ ಕೇಳಬಹುದಾದದ್ದನ್ನು, ಅವರು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ ಕೇಳಹೊರಟರೆ, ಯಾವ ನ್ಯಾಯಾಲಯಕ್ಕೆ ಅಧಿಕಾರವಿದೆ ಎಂಬ ವಾದದಲ್ಲೇ ತಿಂಗಳುಗಳು ಕಳೆದುಹೋಗುತ್ತವೆ. ಅದೇ ಕಾಯ್ದೆಯ 12ನೇ ಕಲಮಿನಡಿ ಮುಖ್ಯ ಅರ್ಜಿ ಇತ್ಯರ್ಥವಾಗುವ ಮೊದಲೇ ಮಧ್ಯಂತರ ಆದೇಶ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯಡಿ ಈಗಾಗಲೇ ಆದೇಶ ಆಗಿದ್ದರೆ, 26ನೇ ಕಲಮಿನಡಿ ಅದನ್ನು ಬದಲಾಯಿಸಿಕೊಡಲು ಕೇಳಬಹುದು. ಕಸ್ಟಡಿಯ ಆದೇಶ ಕಲ್ಲಿನ ಮೇಲಿನ ಬರಹವಲ್ಲ, ಪರಿಸ್ಥಿತಿ ಬದಲಾದಾಗ ಅದೂ ಬದಲಾಗಬಹುದೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ನೆರವು ಸಿಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹಾಗಾದರೆ ವಿಚ್ಛೇದಿತ ತಾಯಿಗೆ ಊರು ಬಿಡುವ ಹಕ್ಕಿಲ್ಲವೇ? ಖಂಡಿತವಾಗಿಯೂ ಇದೆ. 2010ರ ಒಂದು ಪ್ರಕರಣದಲ್ಲಿ, ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿದ ತಾಯಿ ಮಗನನ್ನು ಜೊತೆಗೆ ಕರೆದೊಯ್ಯುವುದಕ್ಕೆ ಸುಪ್ರೀಂ ಕೋರ್ಟ್ ಒಪ್ಪಿತು. ನ್ಯಾಯಮೂರ್ತಿಗಳು ಆ ಬಾಲಕನೊಂದಿಗೆ ತಾವೇ ಮಾತನಾಡಿದ್ದರು, ತಂದೆ ಮಗನನ್ನು ಕಾಣುವ ಏರ್ಪಾಡನ್ನೂ ಕೈಬಿಡಲಿಲ್ಲ. ನನ್ನ ಮಕ್ಕಳ ತಾಯಿಗೆ ಬೆಂಗಳೂರಿನಲ್ಲಿ ಸಿಕ್ಕಿದ್ದು ನಿಜವಾಗಿಯೂ ಒಳ್ಳೆಯ ಕೆಲಸ, ಶಿರಸಿಯಲ್ಲಿ ಸಿಗುವಂಥದ್ದಲ್ಲ. ಅದನ್ನು ಬಿಡು ಎಂದು ಹೇಳಲು ನಾನು ಯಾರು? ನಮ್ಮ ಜಿಲ್ಲೆಯಲ್ಲಿ ಕೈಗಾದ ನೌಕರರು, ಕಾರವಾರದ ನೌಕಾನೆಲೆಯವರು, ಗೋವಾಕ್ಕೂ ಕೊಲ್ಲಿ ರಾಷ್ಟ್ರಗಳಿಗೂ ದುಡಿಯಲು ಹೋಗುವವರು ಎಷ್ಟು ಮಂದಿಯಿಲ್ಲ? ಸಂಬಳ ಇರುವ ಕಡೆ ಮನೆ ಮಾಡುವುದು ನಮಗೆ ಹೊಸದಲ್ಲ. ವಿದೇಶದ ಪ್ರಶ್ನೆ ಬಂದಾಗ ಮಾತ್ರ ಇನ್ನಷ್ಟು ಎಚ್ಚರ ಬೇಕು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ, ಒಮ್ಮೆ ಗಡಿ ದಾಟಿದ ಮಗುವನ್ನು ಮರಳಿ ಕರೆತರುವ ಸುಲಭದ ದಾರಿ ನಮ್ಮ ಕೈಯಲ್ಲಿಲ್ಲ.

ಹಿಂಸೆಯಿಂದ ತಪ್ಪಿಸಿಕೊಂಡು ಹೋಗುವ ತಾಯಿ ಮೊದಲು ನೋಟಿಸ್ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಆಕೆ ಸುರಕ್ಷಿತ ಸ್ಥಳ ತಲುಪುವುದೇ ಮೊದಲ ಕೆಲಸ, ಆಕೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಮಿನಡಿ ಮಕ್ಕಳ ತಾತ್ಕಾಲಿಕ ಕಸ್ಟಡಿ ಕೇಳುವ ದಾರಿಯೂ ಇದೆ. ನಾನು ಮಾತನಾಡುತ್ತಿರುವುದು ನಮ್ಮಂಥವರ ಬಗ್ಗೆ, ಒಬ್ಬರಿಗೊಬ್ಬರು ಅಪಾಯವಲ್ಲದ, ಮಾತು ಬಿಟ್ಟುಹೋದ ಇಬ್ಬರ ಬಗ್ಗೆ.

ನನ್ನ ಅರ್ಜಿಯನ್ನು ಹೊಸದಾಗಿ ಬರೆಸಿದೆ. ಮಗಳು ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಹಿಂದೆ ಹಿಂದೆ ಓಡಿ ಅಡಿಕೆ ಹೆಕ್ಕುವುದು, ಮಗ ಅಜ್ಜನ ಪಕ್ಕದಲ್ಲಲ್ಲದೆ ಊಟಕ್ಕೆ ಕೂರದಿರುವುದು, ಯಾರಿಗೆ ಯಾವ ಡಾಕ್ಟರು, ಯಾವ ವಿಷಯದಲ್ಲಿ ಯಾರು ಹಿಂದಿದ್ದಾರೆ ಎಂಬುದೆಲ್ಲ ಅದರಲ್ಲಿ ಬಂತು. ಬರೆಯುತ್ತಾ ಹೋದಂತೆ ಇನ್ನೊಂದು ಸಂಗತಿಯೂ ಕಾಣಿಸಿತು: ಶಾಲೆಯ ದಿನಗಳಲ್ಲಿ ಅವರನ್ನು ಬೆಳಗ್ಗೆ ಎಬ್ಬಿಸಿದ್ದು, ಓದಿಸಿದ್ದು, ಜ್ವರದಲ್ಲಿ ರಾತ್ರಿ ಎದ್ದು ಕುಳಿತದ್ದು ಬಹುಪಾಲು ಅವರ ತಾಯಿಯೇ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ, ನನ್ನ ಮಕ್ಕಳು ಆ ವಯಸ್ಸು ದಾಟಿದ್ದರು. ಅದರ ನಂತರ ಎಲ್ಲವೂ ಮಗುವಿನ ಹಿತದ ಮೇಲೆಯೇ ನಿಂತಿದೆ. ವಿವೇಚಿಸಿ ಹೇಳಬಲ್ಲ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು, ಅದಕ್ಕೆ ಇಂತಿಷ್ಟೇ ವಯಸ್ಸೆಂದು ಕಾನೂನು ಗೆರೆ ಹಾಕಿಲ್ಲ. ನ್ಯಾಯಾಧೀಶರು ಮಗಳನ್ನು ಒಳಕ್ಕೆ ಕರೆದು ಇಪ್ಪತ್ತು ನಿಮಿಷ ಮಾತನಾಡಿಸಿದರು. ಅವಳು ಏನು ಹೇಳಿದಳೆಂದು ನಾನು ಇಂದಿನವರೆಗೂ ಕೇಳಿಲ್ಲ, ಕೇಳುವುದೂ ಇಲ್ಲ.

ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. ಅಲ್ಲಿ ನಾನು ಕಸ್ಟಡಿಯ ಬೇಡಿಕೆಯನ್ನು ಬಿಟ್ಟೆ, ಭೇಟಿಯ ಬೇಡಿಕೆಯನ್ನು ಬಿಡಲಿಲ್ಲ. ಭೇಟಿಯಷ್ಟೇ ಅಲ್ಲ, ಫೋನ್ ಮತ್ತು ವಿಡಿಯೋ ಕರೆಯ ಮೂಲಕ ಸಂಪರ್ಕವೂ ಮುಖ್ಯವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದ್ದು ನಮ್ಮ ವಕೀಲರಿಗೆ ನೆನಪಿತ್ತು. ಆದರೆ ಕಾಗದದಲ್ಲಿ “ಸಮಂಜಸವಾದ ಭೇಟಿ” ಎಂದು ಬರೆದರೆ ಅದರಿಂದ ಏನೂ ಸಿಗುವುದಿಲ್ಲ. ಇಲ್ಲಿನ ದೂರವನ್ನು ನಕ್ಷೆ ನೋಡಿ ಅಳೆಯಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ, ಕಾರವಾರ ಮತ್ತು ಕುಮಟೆಯ ನಡುವೆ ಭಾನುವಾರದ ಭೇಟಿಗೆ ಹೊರಟ ತಂದೆ ಅಥವಾ ತಾಯಿ ಏನು ಮಾಡಬೇಕಿತ್ತು? ತಪ್ಪಿಹೋದ ಭೇಟಿಯನ್ನು ಯಾವ ದಿನ ತುಂಬಿಕೊಡಬೇಕೆಂಬುದೂ ಆದೇಶದಲ್ಲಿರಬೇಕು.

ನಮ್ಮದರಲ್ಲಿ ಈಗ ಅದಿದೆ. ತಿಂಗಳಿಗೊಂದು ಶನಿವಾರ, ಭಾನುವಾರ ನಾನು ಬೆಂಗಳೂರಿಗೆ ಹೋಗುತ್ತೇನೆ. ದಸರಾ ರಜೆ ಪೂರ್ತಿ, ಬೇಸಿಗೆ ರಜೆಯಲ್ಲಿ ಅರ್ಧ ಮಕ್ಕಳು ತೋಟದ ಮನೆಯಲ್ಲಿ. ಬಸ್ಸಿನ ಖರ್ಚು ಇಬ್ಬರದೂ. ಬುಧವಾರ ಮತ್ತು ಶುಕ್ರವಾರ ರಾತ್ರಿ ಎಂಟಕ್ಕೆ ವಿಡಿಯೋ ಕರೆ, ಆ ಹೊತ್ತಿಗೆ ಮಕ್ಕಳ ಪಕ್ಕ ಬೇರೆ ಯಾರೂ ಕೂರುವಂತಿಲ್ಲ. ಮತ್ತೆ ಊರು ಬದಲಿಸುವುದಾದರೆ ತೊಂಬತ್ತು ದಿನ ಮೊದಲು ಬರಹದಲ್ಲಿ ತಿಳಿಸಬೇಕು, ಇದು ನನಗೂ ಅನ್ವಯಿಸುತ್ತದೆ. ಜಾತ್ರೆಯ ಕುರಿತ ಕೊನೆಯ ಷರತ್ತನ್ನು ಸೇರಿಸಿದವಳು ಮಗಳು, ಅದನ್ನು ತಾಯಿಯ ಮೂಲಕ ಹೇಳಿ ಕಳಿಸಿದ್ದಳು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಬೆಂಗಳೂರಿನ ಶಾಲೆಯ ರಜೆಯ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಜಾತ್ರೆಯ ದಿನಾಂಕ ಗೊತ್ತಾದ ಹದಿನೈದು ದಿನಗಳೊಳಗೆ ನಾವಿಬ್ಬರೂ ಕೂತು, ಪರೀಕ್ಷೆಗೆ ಅಡ್ಡಿಯಾಗದಂತೆ, ಮಕ್ಕಳು ಶಿರಸಿಗೆ ಬರುವ ಎರಡು ದಿನಗಳನ್ನು ಗೊತ್ತುಮಾಡಬೇಕು.